ಮಳೆಯ ನೆರಳಿನ ದ್ರಾಕ್ಷಾರಸ: ಮಡಿಕೇರಿ, ಮೈಸೂರು, ನಂದಿ ಕುರಿತ ತೌಲನಿಕ ಟಿಪ್ಪಣಿ

ಸಾರಾಂಶ

ಕರ್ನಾಟಕದ ವೈನಿನ ಗುಣವನ್ನು ವಿವರಿಸುವಾಗ ಸಮುದ್ರಮಟ್ಟದಿಂದ ಇರುವ ಎತ್ತರಕ್ಕೆ ಮೊದಲ ಸ್ಥಾನ ಕೊಡುವುದು ವಾಡಿಕೆ. ಎತ್ತರವೊಂದೇ ಸಾಕಾಗಿದ್ದರೆ ರಾಜ್ಯದ ಉತ್ತಮ ದ್ರಾಕ್ಷಿ ತೋಟಗಳು ಕೊಡಗಿನಲ್ಲಿ ಇರಬೇಕಿತ್ತು. ಕೊಡಗಿನಲ್ಲಿ ವೈನ್ ಧಾರಾಳವಾಗಿದೆ, ವೈನ್ ದ್ರಾಕ್ಷಿಯ ಬೇಸಾಯ ಬೇರೂರಿಲ್ಲ. ಈ ವೈರುಧ್ಯದಿಂದ ಹೊರಟ ಪ್ರಸ್ತುತ ಲೇಖನವು ಮಡಿಕೇರಿ, ಮೈಸೂರು ಮತ್ತು ನಂದಿ ಬೆಟ್ಟದ ತಪ್ಪಲನ್ನು ಹೋಲಿಸಿ, ಬಳ್ಳಿಯನ್ನು ಕತ್ತರಿಸುವ ‘ಚಾಟನಿ’ಯ ಪಂಚಾಂಗಕ್ಕೂ ಮಳೆಯ ತಿಂಗಳುಗಳಿಗೂ ಇರುವ ಸಂಬಂಧವೇ ನಮ್ಮ ವೈನನ್ನು ಅರಿಯುವ ಮೊದಲ ಸೂತ್ರವೆಂದು ವಾದಿಸುತ್ತದೆ.

1. ಸಮಸ್ಯೆಯ ಸ್ವರೂಪ

ಮೈಸೂರು ಮತ್ತು ಮಡಿಕೇರಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ 12 ಡಿಗ್ರಿ ಉತ್ತರವನ್ನು ತುಸು ದಾಟಿದ ಊರುಗಳು. ನಡುವಿನ ರಸ್ತೆ ಸುಮಾರು 120 ಕಿ.ಮೀ. ಮೈಸೂರಿನ ಎತ್ತರ 770 ಮೀಟರ್, ಮಡಿಕೇರಿಯದು 1,150 ಮೀಟರ್ ಆಸುಪಾಸು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಮಡಿಕೇರಿ ಎರಡೂವರೆ ಡಿಗ್ರಿಯಷ್ಟು ತಂಪಾಗಿರಬೇಕು. ವೈನ್ ದ್ರಾಕ್ಷಿಗೆ ಈ ತಂಪು ಅನುಕೂಲವೇ. ಬಿಸಿ ರಾತ್ರಿಗಳಲ್ಲಿ ಹಣ್ಣು ಉಸಿರಾಡುತ್ತಲೇ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡಿಕೊಳ್ಳುತ್ತದೆ. ತಂಪು ರಾತ್ರಿಗಳಲ್ಲಿ ಆ ಹುಳಿ ಉಳಿದು, ಸಕ್ಕರೆ ಏರಿದ ಮೇಲೂ ರಸಕ್ಕೆ ಬಿಗಿ ಇರುತ್ತದೆ.

ಆದರೂ ವೈನ್ ದ್ರಾಕ್ಷಿ ನೆಲೆಯೂರಿದ್ದು ಮಡಿಕೇರಿಗಿಂತ ತಗ್ಗಿನಲ್ಲಿರುವ, ದೊಡ್ಡಬಳ್ಳಾಪುರದ ಕಡೆಯ ನಂದಿ ತಪ್ಪಲಿನಲ್ಲಿ. ನಂದಿ ಬೆಟ್ಟದ ತುದಿ 1,478 ಮೀಟರ್ ಇದ್ದರೂ ತೋಟಗಳು ಇರುವುದು ತಪ್ಪಲಿನ 900 ಮೀಟರ್ ಆಸುಪಾಸಿನಲ್ಲಿ. ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಗ್ರೋವರ್ ವೈನ್‌ಯಾರ್ಡ್ಸ್ ಫ್ರೆಂಚ್ ತಳಿಗಳನ್ನು ಬೆಳೆದದ್ದು ಇಲ್ಲಿಯೇ. ಬೋರ್ಡೋದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದ ಮೇಲೆ ಈ ತಪ್ಪಲಿನ ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ಹೊರದೇಶಗಳಲ್ಲೂ ಗುರುತಿಸಿಕೊಂಡವು. ಇನ್ನೂ ಎತ್ತರದ, ಇನ್ನೂ ತಂಪಾದ ಕೊಡಗನ್ನು ಬಿಟ್ಟು ಈ ಒಣ ತಪ್ಪಲೇ ಏಕೆ ಕೈಹಿಡಿಯಿತು?

2. ಚಳಿಗಾಲವಿಲ್ಲದ ಬಳ್ಳಿ

ಯುರೋಪಿನ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ಅಲ್ಲಿನ ವರ್ಷದ ಲೆಕ್ಕವನ್ನು ಹವೆಯೇ ಬರೆಯುತ್ತದೆ. ನಮ್ಮಲ್ಲಿ ಬಳ್ಳಿ ಮಲಗುವುದಿಲ್ಲ. ಬಿಟ್ಟರೆ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ. ಅದರ ವರ್ಷವನ್ನು ಎರಡು ಭಾಗ ಮಾಡುವುದು ಬೆಳೆಗಾರನ ಕತ್ತರಿ. ವಿಜಯಪುರದ ಕಡೆಯವರು ‘ಏಪ್ರಿಲ್ ಚಾಟನಿ’, ‘ಅಕ್ಟೋಬರ್ ಚಾಟನಿ’ ಎನ್ನುವುದು ಈ ಎರಡು ಕತ್ತರಿಸುವಿಕೆಗಳನ್ನೇ.

ಏಪ್ರಿಲ್ ಚಾಟನಿಯಲ್ಲಿ ಹಳೆಯ ಕಡ್ಡಿಗಳನ್ನು ಒಂದೆರಡು ಕಣ್ಣು ಉಳಿಯುವಂತೆ ಗಿಡ್ಡವಾಗಿ ಕತ್ತರಿಸುತ್ತಾರೆ. ಆಗ ಒಡೆದ ಚಿಗುರಿನಿಂದ ಆ ಹಂಗಾಮಿನಲ್ಲಿ ಹಣ್ಣು ನಿರೀಕ್ಷಿಸುವುದಿಲ್ಲ. ಚಿಗುರು ಕಡ್ಡಿಯಾಗಿ ಬಲಿಯುತ್ತಿರುವಾಗ, ಸುಮಾರು 40ರಿಂದ 60 ದಿನಗಳ ನಡುವೆ, ಅದರ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರಿನ ಎರಡನೇ ಚಾಟನಿಯಲ್ಲಿ ಆ ಕಡ್ಡಿಯನ್ನು ಫಲದ ಕಣ್ಣಿನವರೆಗೆ ಸವರಿದರೆ ಗೊಂಚಲು ಹೊರಬರುತ್ತದೆ. ಫೆಬ್ರವರಿ–ಮಾರ್ಚ್ ಹೊತ್ತಿಗೆ, ಏಪ್ರಿಲ್ ಬಿಸಿಲು ಏರುವ ಮೊದಲು, ವೈನ್ ದ್ರಾಕ್ಷಿ ಕೊಯ್ಲಿಗೆ ಬರುತ್ತದೆ. ಹೀಗಾಗಿ ಬಳ್ಳಿಗೆ ವರ್ಷದಲ್ಲಿ ಎರಡು ನಾಜೂಕು ಘಟ್ಟಗಳು: ಕಣ್ಣಿನೊಳಗೆ ಗೊಂಚಲು ಮೂಡುವ ಮೇ ಕೊನೆ–ಜೂನ್, ಎಳೆ ಚಿಗುರು ಮತ್ತು ಹೂವು ಹೊರಗಿರುವ ಅಕ್ಟೋಬರ್–ನವೆಂಬರ್. ಮೊದಲನೆಯದಕ್ಕೆ ಬಿಸಿಲು ಬೇಕು, ಎರಡನೆಯದಕ್ಕೆ ಒಣಹವೆ ಬೇಕು.

3. ಮೂರು ಊರು, ಮೂರು ಮಳೆ

ಈ ಎರಡು ಘಟ್ಟಗಳನ್ನು ಮೂರೂ ಊರಿನ ಮಳೆಯ ಮೇಲಿಟ್ಟು ನೋಡಿದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ. ಮಡಿಕೇರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಸಿಂಹಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ಏಪ್ರಿಲ್‌ನಲ್ಲಿ ಚಾಟನಿ ಮಾಡಿದರೆ ಕಣ್ಣು ಗೊಂಚಲಾಗಬೇಕಾದ ದಿನಗಳಿಗೇ ಮುಂಗಾರಿನ ಮೋಡ ಕವಿಯುತ್ತದೆ. ಬೆಳಕು ಸಾಲದ ಕಣ್ಣು ಎಲೆಯ ಕಣ್ಣಾಗಿಯೇ ಉಳಿಯುತ್ತದೆ. ಎತ್ತರದಿಂದ ದೊರೆತ ತಂಪನ್ನು ಮಳೆ ಲೆಕ್ಕಕ್ಕೇ ಇಲ್ಲದಂತೆ ಮಾಡುತ್ತದೆ.

ಮೈಸೂರಿನ ಮಳೆ 800 ಮಿ.ಮೀ. ಆಸುಪಾಸು, ಆದರೆ ಅದು ಬರುವ ರೀತಿ ಬೇರೆ. ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು. ಜೂನ್‌ನ ಘಟ್ಟವನ್ನು ಬಳ್ಳಿ ಹೇಗೋ ದಾಟುತ್ತದೆ. ಇಕ್ಕಟ್ಟು ಇರುವುದು ಎರಡನೆಯ ಘಟ್ಟದಲ್ಲಿ: ಚಾಟನಿಯ ನಂತರದ ಎಳೆ ಚಿಗುರಿಗೆ ಅಕ್ಟೋಬರ್ ಮಳೆ ತಗುಲಿದರೆ ಎಲೆಯ ತಳದಲ್ಲಿ ಬಿಳಿ ಬೂಜು ಕಟ್ಟುತ್ತದೆ. ಬೆಳೆಗಾರರು ‘ದಾವಣಿ’ ಎಂದು ಕರೆಯುವ ಈ ರೋಗ ಹೂವಿಗೆ ಇಳಿದರೆ ಗೊಂಚಲೇ ಒಣಗುತ್ತದೆ. ಚಾಟನಿಯನ್ನು ಮುಂದೂಡಿದರೆ ದಾವಣಿಯ ಕಾಟ ತಗ್ಗಬಹುದು, ಆದರೆ ಕೊಯ್ಲು ಬಿಸಿಲಿನೊಳಕ್ಕೆ ಸರಿದು ಹಣ್ಣಿನ ಹುಳಿ ಇಳಿಯುತ್ತದೆ. ಮೈಸೂರು ಸುತ್ತಿನ ಕಾವೇರಿ ಬಯಲಿನ ಬೆಳೆಗಾರ ಪ್ರತಿ ವರ್ಷ ತೂಗಿ ನೋಡಬೇಕಾದದ್ದು ಇದನ್ನೇ.

ನಂದಿ ತಪ್ಪಲೂ ಹಿಂಗಾರಿನಿಂದ ಪಾರಾಗಿಲ್ಲ. ಅಲ್ಲಿಯೂ ಔಷಧಿ ಸಿಂಪಡಣೆ ತಪ್ಪಿದ್ದಲ್ಲ. ಆದರೆ ಜೂನ್‌ನಲ್ಲಿ ಸಾಕಷ್ಟು ಬೆಳಕು, ಮೈಸೂರಿಗಿಂತ ನೂರಮೂವತ್ತು ಮೀಟರಿನಷ್ಟು ಹೆಚ್ಚಿನ ಎತ್ತರ, ಜನವರಿಯ ತಂಪು ರಾತ್ರಿ – ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಇನ್ನು 600 ಮಿ.ಮೀ. ಮಳೆಯ ವಿಜಯಪುರದಲ್ಲಿ ಒಣಹವೆಯ ಕೊರತೆಯಿಲ್ಲ, ತಂಪಿನ ಕೊರತೆಯಿದೆ. ಅಲ್ಲಿ ದ್ರಾಕ್ಷಿಯ ಬಹುಪಾಲು ಒಣದ್ರಾಕ್ಷಿಯಾಗುವುದು ಹವೆಗೆ ತಕ್ಕ ನಡೆಯೇ.

ಬೆಟ್ಟದ ದೇಶವೆಂದೇ ಹೆಸರಾದ ಸ್ವಿಟ್ಜರ್ಲೆಂಡಿನ ಉದಾಹರಣೆ ಇದನ್ನು ಪುಷ್ಟಿಗೊಳಿಸುತ್ತದೆ. ಅಲ್ಲಿನ ಅತಿ ದೊಡ್ಡ ವೈನ್ ಪ್ರಾಂತ ವಾಲೇ. ಎರಡೂ ಬದಿಯ ಆಲ್ಪ್ಸ್ ಸಾಲು ಮಳೆಯನ್ನು ತಡೆಯುವುದರಿಂದ ಅದರ ಮುಖ್ಯಪಟ್ಟಣ ಸಿಯೋಂನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಾತ್ರ ಮಳೆ. ಅದೇ ಪ್ರಾಂತದ ವಿಸ್ಪರ್ಟರ್ಮಿನೆನ್‌ನಲ್ಲಿ ಬಳ್ಳಿ 1,100 ಮೀಟರಿಗೂ ಮೇಲೇರಿದೆ, ಅಂದರೆ ಹೆಚ್ಚುಕಡಿಮೆ ಮಡಿಕೇರಿಯ ಎತ್ತರಕ್ಕೆ. ಪಶ್ಚಿಮ ಘಟ್ಟಗಳು ನಮ್ಮ ಬಯಲುಸೀಮೆಗೆ ಮಾಡುವುದೂ ಇದೇ ಕೆಲಸ. ಕೊಡಗು ಮಳೆಯನ್ನು ಮೈಮೇಲೆ ಹೊತ್ತುಕೊಳ್ಳುವ ಕಡೆಯಲ್ಲಿದೆ. ನಂದಿ ಆ ಮಳೆಯ ನೆರಳಿನಲ್ಲಿದೆ.

4. ಬೆಂಗಳೂರು ಬ್ಲೂ ಎಂಬ ಸಾಕ್ಷಿ

ಫ್ರೆಂಚ್ ತಳಿಗಳು ಬರುವ ಎಷ್ಟೋ ಮೊದಲೇ ದಕ್ಷಿಣ ಕರ್ನಾಟಕ ತನ್ನ ಮಳೆಗೆ ಹೊಂದುವ ದ್ರಾಕ್ಷಿಯನ್ನು ಆರಿಸಿಕೊಂಡಿತ್ತು. 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬೆಂಗಳೂರು ಬ್ಲೂ ಅಮೆರಿಕ ಮೂಲದ ಲಬ್ರಸ್ಕಾ ರಕ್ತವಿರುವ ತಳಿ. ದಾವಣಿಯನ್ನು ಮಿಕ್ಕ ತಳಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ಈ ದಪ್ಪ ಸಿಪ್ಪೆಯ, ಬೀಜದ ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಬೇರೆಯಾಗುತ್ತದೆ; ಅದರ ಗಾಢ ವಾಸನೆಗೆ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ ಮುಖ್ಯ ಕಾರಣ. ಜ್ಯೂಸಿಗೆ, ಸಿಹಿ ಪೋರ್ಟ್ ಬಗೆಯ ವೈನಿಗೆ ಅದು ಒಗ್ಗುತ್ತದೆ. ಒಣ ಕೆಂಪು ವೈನಿನಲ್ಲಿ ಮಿಕ್ಕ ಪರಿಮಳಗಳನ್ನು ನುಂಗಿಹಾಕುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅಭಿವೃದ್ಧಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬೆಂಗಳೂರು ಬ್ಲೂವನ್ನು ಬ್ಲ್ಯಾಕ್ ಚಂಪಾ ಜೊತೆ ಸಂಕರಿಸಿ ಅರ್ಕಾ ಶ್ಯಾಮ್, ಅನಾಬ್-ಎ-ಶಾಹಿ ಜೊತೆ ಸಂಕರಿಸಿ ಅರ್ಕಾ ಹಂಸ್ ಬಂದವು. ಮಳೆಯನ್ನು ತಾಳುವ ಗುಣಕ್ಕೂ ವೈನಿಗೆ ಬೇಕಾದ ರುಚಿಗೂ ನಂಟು ಬೆಸೆಯುವ ಪ್ರಯತ್ನವದು.

5. ಕೊಡಗಿನ ಭರಣಿ

ಕೊಡಗು ಅಳತೆಯಲ್ಲಿ ಸಣ್ಣದು, ಬೆಟ್ಟಗಳಿಂದ ತುಂಬಿದ್ದು. ಅದಕ್ಕೆ ಸಹಜವಾಗಿ ಒದಗಿದ ಹುಳಿಸಿದ ಪಾನೀಯ ಬೈನೆ ಮರದ ಕಳ್ಳು. ಇಂದು ಮಡಿಕೇರಿಯ ಅಂಗಡಿಗಳಲ್ಲಿ ‘ಹೋಂ ಮೇಡ್ ವೈನ್’ ಎಂದು ಸಾಲಾಗಿ ನಿಂತಿರುವ ಬಾಟಲಿಗಳ ಬಗೆ ಬೇರೆ: ಶುಂಠಿ, ನೆಲ್ಲಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಸೂಜಿಮೆಣಸು ಕೂಡ.

ವೀಳ್ಯದೆಲೆಯ ವೈನನ್ನೇ ನೋಡಬಹುದು. ಎಲೆಯಲ್ಲಿ ಹುಳಿಯಲು ಬೇಕಾದಷ್ಟು ಸಕ್ಕರೆ ಇಲ್ಲವೇ ಇಲ್ಲ. ಒಂದು ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಹುಳಿದರೆ ಸುಮಾರು ಶೇ 1ರಷ್ಟು ಮದ್ಯಸಾರ ಬರುತ್ತದೆ. ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದು ಪೂರ್ತಿ ಹುಳಿದರೆ ಹನ್ನೊಂದು–ಹನ್ನೆರಡು ಶೇಕಡಾ. ಅಷ್ಟೂ ಮೂಟೆಯ ಸಕ್ಕರೆಯಿಂದ ಬಂದದ್ದು. ಭರಣಿಗೆ ಒಂದು ಹಿಡಿ ಗೋಧಿ ಹಾಕುವ ಮನೆ ಪದ್ಧತಿಗೂ ಅರ್ಥವಿದೆ: ದ್ರಾಕ್ಷಿ ರಸದಲ್ಲಿ ಯೀಸ್ಟಿಗೆ ದೊರೆಯುವ ಸಾರಜನಕದ ಪೋಷಣೆ ಎಲೆಯ ಕಷಾಯದಲ್ಲಿ ಕಡಿಮೆ, ಗೋಧಿ ಅದನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಇಲ್ಲಿ ನೆಲದ ಗುರುತು ಇರುವುದು ಪರಿಮಳದಲ್ಲಿ ಮಾತ್ರ, ಮದ್ಯಸಾರದಲ್ಲಿ ಅಲ್ಲ. ಮೈಸೂರಿನ ಕ್ರೈಸ್ತ ಮನೆಗಳ ಕ್ರಿಸ್‌ಮಸ್ ವೈನೂ ಭರಣಿ, ಸಕ್ಕರೆ, ಗೋಧಿಯ ಇದೇ ಕ್ರಮದ್ದು, ಹಣ್ಣು ಮಾತ್ರ ಬಹುಮಟ್ಟಿಗೆ ದ್ರಾಕ್ಷಿಯೇ. ಅದೇ ಕ್ಯಾಥೊಲಿಕ್ ಬಲಿಪೂಜೆಯ ವೈನಿಗೆ ಬಂದರೆ ಧರ್ಮಸಭೆಯ ಕಾನೂನು ದ್ರಾಕ್ಷಿಯಿಂದಾದ ಸಹಜ ವೈನನ್ನೇ ಕೇಳುತ್ತದೆ.

ಕೊಡಗಿನ ಬಾಟಲಿಯನ್ನು ನಂದಿಯ ಬಾಟಲಿಯ ಪಕ್ಕದಲ್ಲಿಟ್ಟು ಕಡಿಮೆ ಎಂದು ತೀರ್ಪು ಕೊಡುವುದು ಸುಲಭ, ಉಪಯೋಗವಿಲ್ಲ. ದ್ರಾಕ್ಷಿ ಒಲ್ಲದ ಮಳೆನಾಡು ಕಂಡುಕೊಂಡ ದಾರಿ ಅದು, ಅದಕ್ಕೆ ಅದರದೇ ಅಳತೆಗೋಲು ಬೇಕು. ತೊಡಕು ಇರುವುದು ಕಾನೂನಿನಲ್ಲಿ. ಮಾರಾಟಕ್ಕೆಂದು ಮದ್ಯ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಬೇಕು. ‘ಮನೆಯಲ್ಲಿ ಮಾಡಿದ್ದು’ ಎಂಬ ಚೀಟಿ ಆ ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ.

6. ಉಪಸಂಹಾರ

ಕರ್ನಾಟಕದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯು ವೈನನ್ನು ತೋಟಗಾರಿಕೆಯ ಮೌಲ್ಯವರ್ಧನೆಯಾಗಿ ಕಂಡಿತು. ಅದರ ಜಾರಿಗೆ ಪ್ರತ್ಯೇಕ ಮಂಡಳಿಯೂ ಬಂತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ವಲಯಗಳು ಬಳಕೆಗೆ ಬಂದದ್ದು ಈ ಹಂತದಲ್ಲಿ. ಆಡಳಿತಕ್ಕೆ ಈ ವಿಂಗಡಣೆ ಸಾಕು, ರುಚಿಯನ್ನು ಅರಿಯಲು ಸಾಲದು. ಒಂದೇ ವಲಯದಲ್ಲಿ ಸೆಪ್ಟೆಂಬರ್ ಮೊದಲಿಗೆ ಚಾಟನಿ ಮಾಡಿದ ತೋಟಕ್ಕೂ ಅಕ್ಟೋಬರ್ ಕೊನೆಗೆ ಮಾಡಿದ ತೋಟಕ್ಕೂ ಎದುರಾಗುವ ಮಳೆ ಬೇರೆ, ಹಣ್ಣು ಮಾಗುವಾಗಿನ ಬಿಸಿಲು ಬೇರೆ.

ಆದ್ದರಿಂದ ಕರ್ನಾಟಕದ ವೈನ್ ಬಾಟಲಿಯ ಮೇಲೆ ಕೊಯ್ಲಿನ ವರ್ಷದ ಜೊತೆಗೆ ಮೂರು ವಿವರಗಳು ಇರಬೇಕು: ತೋಟದ ಎತ್ತರ, ಫಲಕ್ಕಾಗಿ ಚಾಟನಿ ಮಾಡಿದ ತಿಂಗಳು, ಹೊರಗಿನಿಂದ ಸೇರಿಸಿದ ಸಕ್ಕರೆ. ಮೊದಲ ಎರಡು ನಂದಿ, ಕಾವೇರಿ, ಕೃಷ್ಣಾ ಸೀಮೆಗಳನ್ನು ಹೋಲಿಸಲು ಆಧಾರ ಒದಗಿಸುತ್ತವೆ. ಮೂರನೆಯದು ಕೊಡಗಿನ ಭರಣಿಯ ವೈನಿಗೆ ಮುಚ್ಚುಮರೆಯಿಲ್ಲದ ಸ್ಥಾನ ಕೊಡುತ್ತದೆ. ಈ ದಾಖಲೆ ಹತ್ತು ಹಂಗಾಮುಗಳಷ್ಟು ಕೂಡಿಬಂದರೆ, ಮೈಸೂರು ಸುತ್ತಿನಲ್ಲಿ ವೈನ್ ದ್ರಾಕ್ಷಿ ಯಾವ ತಾಲ್ಲೂಕಿಗೆ, ಯಾವ ಚಾಟನಿಗೆ ಒಗ್ಗುತ್ತದೆ ಎಂಬ ಪ್ರಶ್ನೆಯನ್ನು ಊಹೆಗೆ ಬಿಡದೆ ಮಳೆಯ ಲೆಕ್ಕದಿಂದಲೇ ತೀರ್ಮಾನಿಸಬಹುದು.