ಶಾಂತಿ ಪ್ರಶಸ್ತಿ: ದುಡಿಮೆಗೆ ಕೂಲಿಯೋ, ಮುಂಗಡ ಸಂಚಕಾರವೋ?



ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬುದು ನಮ್ಮ ಕನ್ನಡದ ಗಾದೆ. ರಾಯದುರ್ಗ, ಮಡಕಶಿರಾ ಕಡೆಯವರು ಇದೇ ಮಾತನ್ನು ತೆಲುಗಿನಲ್ಲಿ 'ಆಲು ಲೇದು, ಚೂಲು ಲೇದು, ಕೊಡುಕು ಪೇರು ಸೋಮಲಿಂಗಂ' ಎಂದು ಕೇಳಿರುತ್ತಾರೆ. ಹೆಂಡತಿ ಇಲ್ಲ, ಬಸಿರೂ ಇಲ್ಲ, ಮಗನ ಹೆಸರು ಮಾತ್ರ ಸೋಮಲಿಂಗ! ಅಕ್ಕಲಕೋಟೆ, ಜತ್ತದ ಕಡೆಯ ಮರಾಠಿಯಲ್ಲಿ ಇದಕ್ಕೆ ಹತ್ತಿರದ ಗಾದೆ ಇನ್ನೊಂದು ಬಗೆ: ತೊಗರಿ ಇನ್ನೂ ಬಜಾರದಲ್ಲೇ ಇದೆ, ಭಟ್ಟರು ಮನೆಯಲ್ಲಿ ಹೆಂಡತಿಗೆ ಹೊಡೆಯುತ್ತಿದ್ದಾರೆ. ಆಗದೇ ಇರುವ ಕೆಲಸವನ್ನು ಆಗಿಹೋಯಿತೆಂದು ತಿಳಿಯುವವರನ್ನು ಕಂಡು ನಗುವುದರಲ್ಲಿ ನಮ್ಮ ಭಾಷೆಗಳಿಗೆ ಗಡಿಯೇ ಇಲ್ಲ.

2009ರ ಅಕ್ಟೋಬರ್ 9ರ ಶುಕ್ರವಾರ ಪ್ರಪಂಚದ ಅನೇಕರು ಹೀಗೆಯೇ ನಕ್ಕರು. ಅಂದು ನಾರ್ವೆ ದೇಶದ ಓಸ್ಲೋ ನಗರದಲ್ಲಿ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರಿಗೆ ಎಂದು ಘೋಷಣೆಯಾಯಿತು. ಒಬಾಮಾ ಚುನಾವಣೆಯಲ್ಲಿ ಗೆದ್ದದ್ದು 2008ರ ನವೆಂಬರ್ 4ರಂದು. ಅಧಿಕಾರ ವಹಿಸಿಕೊಂಡದ್ದು 2009ರ ಜನವರಿ 20ರಂದು. ಕುರ್ಚಿಯಲ್ಲಿ ಕುಳಿತು ಒಂಬತ್ತು ತಿಂಗಳೂ ತುಂಬಿರಲಿಲ್ಲ. ಹೊಸದಾಗಿ ಆರಿಸಿ ಬಂದ ನಾಯಕನೊಬ್ಬ ಇಂಥ ಗೌರವಕ್ಕೆ ಅರ್ಹನೇ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿಟ್ಟು ನೋಡೋಣ.

ಮೊದಲು ಈ ಪ್ರಶಸ್ತಿಯ ಹುಟ್ಟನ್ನು ತಿಳಿಯಬೇಕು. ಆಲ್‌ಫ್ರೆಡ್ ನೊಬೆಲ್ ಸ್ವೀಡನ್ ದೇಶದವರು, ಡೈನಮೈಟ್ ಎಂಬ ಸಿಡಿಮದ್ದನ್ನು ಕಂಡುಹಿಡಿದವರು. 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಅವರು ತಮ್ಮ ಉಯಿಲಿಗೆ ಸಹಿ ಹಾಕಿದರು, ಮರುವರ್ಷ ಡಿಸೆಂಬರ್ 10ರಂದು ತೀರಿಕೊಂಡರು. ಶಾಂತಿ ಪ್ರಶಸ್ತಿಗೆ ಆ ಉಯಿಲಿನಲ್ಲಿ ಮೂರು ಅಳತೆಗೋಲುಗಳಿವೆ. ರಾಷ್ಟ್ರಗಳ ನಡುವೆ ಸಹೋದರಭಾವ ಬೆಳೆಸುವುದು ಒಂದು. ಕಾಯಂ ಸೈನ್ಯಗಳನ್ನು ರದ್ದುಗೊಳಿಸುವುದು ಅಥವಾ ಕಡಿಮೆ ಮಾಡುವುದು ಎರಡು. ಶಾಂತಿ ಸಮ್ಮೇಳನಗಳನ್ನು ನಡೆಸುವುದು, ಬೆಳೆಸುವುದು ಮೂರು. ಇವುಗಳಿಗಾಗಿ ಹೆಚ್ಚು ದುಡಿದವರಿಗೆ, ಅದೂ ಹಿಂದಿನ ವರ್ಷದಲ್ಲಿ ದುಡಿದವರಿಗೆ, ಕೊಡಬೇಕೆಂದು ನೊಬೆಲ್ ಬರೆದರು. ಆಯ್ಕೆಯ ಹೊಣೆ ನಾರ್ವೆಯ ಸಂಸತ್ತು ನೇಮಿಸುವ ಐದು ಜನರ ಸಮಿತಿಯದು. 1901ರಿಂದ ಈ ಕೆಲಸ ನಡೆದು ಬಂದಿದೆ. ಉಯಿಲಿನ ಮಾತು 'ದುಡಿದವರಿಗೆ' ಎಂದಿದೆ, 'ದುಡಿಯಲಿರುವವರಿಗೆ' ಎಂದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಒಬಾಮಾ ಅವರ ವಿಷಯದಲ್ಲಿ ಟೀಕಾಕಾರರು ಹೆಚ್ಚಾಗಿ ಹೇಳುವ ಮಾತು ಒಂದಿದೆ. ಆಗ ಹೆಸರು ಸೂಚಿಸಲು ಕೊನೆಯ ದಿನ ಫೆಬ್ರವರಿ 1 ಆಗಿತ್ತು. ಅಂದರೆ ಅವರು ಅಧಿಕಾರಕ್ಕೆ ಬಂದು ಹನ್ನೆರಡೇ ದಿನ! ಕೇಳಲು ಚೆನ್ನಾಗಿರುವ ಮಾತು, ಆದರೆ ಪೂರ್ತಿ ನ್ಯಾಯವಾದದ್ದಲ್ಲ. ಆ ವರ್ಷ ಬಂದಿದ್ದ ಸೂಚನೆಗಳು 205. ಸೂಚನೆ ಬಂದ ಮೇಲೆ ಸಮಿತಿ ತಿಂಗಳುಗಟ್ಟಲೆ ಕುಳಿತು ಆಲೋಚಿಸುತ್ತದೆ. ಆದ್ದರಿಂದ ಹನ್ನೆರಡು ದಿನದ ಲೆಕ್ಕ ಬಿಟ್ಟು, ಅಕ್ಟೋಬರಿನವರೆಗಿನ ಲೆಕ್ಕ ಹಿಡಿಯುವುದೇ ಸರಿ.

ಆ ಲೆಕ್ಕದಲ್ಲಿ ಏನೇನಿತ್ತು? ಅಧಿಕಾರಕ್ಕೆ ಬಂದ ಮೂರನೆಯ ದಿನವೇ, ಕೈದಿಗಳಿಗೆ ಚಿತ್ರಹಿಂಸೆ ಕೊಡಬಾರದೆಂದೂ ಗ್ವಾಂಟನಾಮೊ ಬಂದೀಖಾನೆಯನ್ನು ಒಂದು ವರ್ಷದೊಳಗೆ ಮುಚ್ಚಬೇಕೆಂದೂ ಒಬಾಮಾ ಆಜ್ಞೆ ಹೊರಡಿಸಿದರು. ಏಪ್ರಿಲ್ 5ರಂದು ಪ್ರಾಗ್ ನಗರದಲ್ಲಿ ಅಣ್ವಸ್ತ್ರವಿಲ್ಲದ ಜಗತ್ತಿನ ಬಗ್ಗೆ ಮಾತನಾಡಿದರು. ಜೂನ್ 4ರಂದು ಈಜಿಪ್ಟಿನ ಕೈರೋದಲ್ಲಿ ಮುಸ್ಲಿಂ ಜಗತ್ತಿನತ್ತ ಸ್ನೇಹದ ಕೈ ಚಾಚಿದರು. ಸೆಪ್ಟೆಂಬರ್ 24ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆಯನ್ನು ತಾವೇ ವಹಿಸಿ, ಅಣ್ವಸ್ತ್ರಗಳ ಹರಡುವಿಕೆ ತಡೆಯುವ ನಿರ್ಣಯ ಮಾಡಿಸಿದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಹೆಚ್ಚಿನವು ಮಾತು ಮತ್ತು ಆಜ್ಞೆ. ಹೊಲ ಹದ ಮಾಡಿದ್ದರು, ಬಿತ್ತನೆಯೂ ಅಷ್ಟಿಷ್ಟು ಆಗಿತ್ತು. ರಾಶಿ ಮಾತ್ರ ಕಣಕ್ಕೆ ಬಂದಿರಲಿಲ್ಲ. ಇನ್ನೊಂದು ಕಡೆ, ಅದೇ ವರ್ಷದ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನಕ್ಕೆ 17,000 ಸೈನಿಕರನ್ನು ಹೆಚ್ಚಾಗಿ ಕಳುಹಿಸುವ ಆಜ್ಞೆಯೂ ಅವರದೇ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಡಿಸೆಂಬರ್ 1ರಂದು ಒಬಾಮಾ ಅಫ್ಘಾನಿಸ್ತಾನಕ್ಕೆ ಮತ್ತೆ 30,000 ಸೈನಿಕರನ್ನು ಕಳುಹಿಸುವುದಾಗಿ ಪ್ರಕಟಿಸಿದರು. ಒಂಬತ್ತು ದಿನ ಕಳೆದು, ಡಿಸೆಂಬರ್ 10ರಂದು, ಓಸ್ಲೋದಲ್ಲಿ ಶಾಂತಿ ಪದಕ ಸ್ವೀಕರಿಸಿದರು. ಎರಡು ಯುದ್ಧಗಳ ನಡುವೆ ಇರುವ ದೇಶದ ಸೇನಾಧಿಪತಿ ತಾನು ಎಂಬುದನ್ನು ಅವರು ಆ ವೇದಿಕೆಯಲ್ಲಿ ಮುಚ್ಚಿಡಲಿಲ್ಲ. ಗಾಂಧೀಜಿಯವರ ಹೆಸರನ್ನೂ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನೂ ತೆಗೆದುಕೊಂಡರು, ಆದರೆ ಅವರಿಬ್ಬರ ದಾರಿಯೊಂದನ್ನೇ ಹಿಡಿದು ದೇಶ ಕಾಯಲಾರೆ ಎಂದರು. ಪ್ರಶಸ್ತಿ ಘೋಷಣೆಯಾದ ದಿನವೇ, ಇದಕ್ಕೆ ತಾನು ಅರ್ಹನೆಂದು ಅನಿಸುತ್ತಿಲ್ಲ ಎಂಬ ಭಾವದ ಮಾತನ್ನೂ ಆಡಿದ್ದರು. ಬಹುಮಾನದ ಒಂದು ಕೋಟಿ ಸ್ವೀಡಿಷ್ ಕ್ರೋನರ್, ಅಂದರೆ ಸುಮಾರು 14 ಲಕ್ಷ ಡಾಲರ್ ಹಣವನ್ನು ಧರ್ಮಸಂಸ್ಥೆಗಳಿಗೆ ಕೊಟ್ಟುಬಿಟ್ಟರು. ಆದ್ದರಿಂದ ಇಲ್ಲಿ ತೂಗಬೇಕಾದದ್ದು ಪಡೆದವರ ದೊಡ್ಡತನಕ್ಕಿಂತ ಕೊಟ್ಟವರ ವಿವೇಕವನ್ನು.

ಕೊಟ್ಟವರ ವಾದವನ್ನೂ ಕೇಳಬೇಕಲ್ಲವೇ? ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗಾಂಧೀಜಿಯವರೇ ಸಾಕ್ಷಿ. 1937, 1938, 1939, 1947 ಮತ್ತು 1948ರಲ್ಲಿ ಅವರ ಹೆಸರು ಸೂಚಿತವಾಗಿತ್ತು. ಕೊನೆಯ ಸಲ ಸೂಚನೆಯಾದ ಕೆಲವೇ ದಿನಗಳಲ್ಲಿ, 1948ರ ಜನವರಿ 30ರಂದು, ಅವರ ಹತ್ಯೆಯಾಯಿತು. ಆ ವರ್ಷ ಬದುಕಿರುವವರಲ್ಲಿ ತಕ್ಕವರಿಲ್ಲವೆಂದು ಸಮಿತಿ ಯಾರಿಗೂ ಶಾಂತಿ ಪ್ರಶಸ್ತಿ ಕೊಡಲಿಲ್ಲ. ಕಾಯುತ್ತಾ ಕುಳಿತರೆ ಬಹುಮಾನ ಹಿಡಿದ ಕೈಯೇ ಬರಿದಾಗುತ್ತದೆ. ಅಮೆರಿಕದವರೇ ಆದ ಜಿಮ್ಮಿ ಕಾರ್ಟರ್ ಅವರಿಗೆ ಪ್ರಶಸ್ತಿ ಸಿಕ್ಕಿದ್ದು 2002ರಲ್ಲಿ, ಅವರು ಅಧಿಕಾರ ಬಿಟ್ಟು ಇಪ್ಪತ್ತೊಂದು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಅದು ಗೌರವವಾದೀತೇ ಹೊರತು, ನಡೆಯುತ್ತಿರುವ ಕೆಲಸಕ್ಕೆ ಊರುಗೋಲಾಗದು. ಆದುದರಿಂದ ಕೆಲಸ ನಡೆಯುತ್ತಿರುವಾಗಲೇ ಬೆನ್ನು ತಟ್ಟಬೇಕು ಎನ್ನುತ್ತಾರೆ ಸಮಿತಿಯವರು.

ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಜೋಡಿ ಮೆಚ್ಚಿಗೆಯಾದರೆ ಪೂರ್ತಿ ಹಣ ಎಣಿಸುವ ಮೊದಲು ಸಂಚಕಾರ ಕೊಡುವ ಪದ್ಧತಿ ಇದೆ. ಮಾತು ಕಟ್ಟಿಹಾಕಲು ಕೊಡುವ ಮುಂಗಡ ಹಣ ಅದು. ಸಮಿತಿಯವರು ಹೇಳುವುದೂ ಇದನ್ನೇ: ಪ್ರಶಸ್ತಿಯನ್ನು ಕೂಲಿಯೆಂದು ಎಣಿಸಬೇಡಿ, ಸಂಚಕಾರವೆಂದು ತಿಳಿಯಿರಿ. ಸರಿ, ಹಾಗೆಯೇ ತಿಳಿಯೋಣ. ಆದರೆ ಸಂಚಕಾರ ಕೊಡುವ ರೈತ ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಶಾಂತಿಯ ವ್ಯವಹಾರದಲ್ಲಿ ನೋಡಬೇಕಾದದ್ದು ಏನು? ಇದಕ್ಕೆ ಇತಿಹಾಸದಿಂದ ಮೂರು ಉದಾಹರಣೆ ಕೊಡುತ್ತೇನೆ. ಅವುಗಳಲ್ಲಿ ಎರಡು ಗಡಿಯ ಕಥೆಗಳೇ.

ಮೊದಲನೆಯದು ಪಶ್ಚಿಮ ಜರ್ಮನಿಯ ವಿಲ್ಲಿ ಬ್ರಾಂಟ್ ಅವರದು. ಅವರು ಪ್ರಧಾನಿಗೆ ಸಮನಾದ ಚಾನ್ಸಲರ್ ಪದವಿಗೆ ಬಂದದ್ದು 1969ರ ಅಕ್ಟೋಬರಿನಲ್ಲಿ, ಪ್ರಶಸ್ತಿ ಪಡೆದದ್ದು 1971ರಲ್ಲಿ. ನಡುವೆ ಎರಡೇ ವರ್ಷ. ಆದರೆ ಆ ಎರಡು ವರ್ಷಗಳಲ್ಲಿ ಅವರು ಸೋವಿಯತ್ ಒಕ್ಕೂಟದೊಂದಿಗೂ ಪೋಲೆಂಡಿನೊಂದಿಗೂ ಒಪ್ಪಂದಗಳಿಗೆ ಸಹಿ ಹಾಕಿದ್ದರು. ಓಡರ್ ಮತ್ತು ನೈಸೆ ನದಿಗಳ ಗೆರೆಯೇ ಪೋಲೆಂಡಿನ ಪಶ್ಚಿಮ ಗಡಿ ಎಂಬುದನ್ನು ಒಪ್ಪಿದ್ದರು. ಆ ಗೆರೆಯಾಚೆಯ ಊರು ಮನೆ ಕಳೆದುಕೊಂಡು ಬಂದ ಲಕ್ಷಾಂತರ ಜರ್ಮನರು ದೇಶದೊಳಗೆ ಇರುವಾಗ ಇಂಥ ಮಾತಿಗೆ ಒಪ್ಪುವುದೆಂದರೆ ಸಣ್ಣ ಧೈರ್ಯವಲ್ಲ. 1972ರ ಏಪ್ರಿಲಿನಲ್ಲಿ ಅವರ ಸರ್ಕಾರ ಅವಿಶ್ವಾಸ ನಿರ್ಣಯದಿಂದ ಪಾರಾದದ್ದು ಎರಡೇ ಮತಗಳಿಂದ. ಮುಂದಿನ ತಿಂಗಳು ಒಪ್ಪಂದಗಳಿಗೆ ಸಂಸತ್ತಿನ ಮಂಜೂರಾತಿ ಸಿಕ್ಕಿತು. ಇಲ್ಲಿ ಸಂಚಕಾರ ವ್ಯರ್ಥವಾಗಲಿಲ್ಲ.

ಎರಡನೆಯದು ಕೊಲಂಬಿಯಾ ದೇಶದ ಅಧ್ಯಕ್ಷ ಹುವಾನ್ ಮಾನುವೆಲ್ ಸಾಂಟೋಸ್ ಅವರದು. ಐವತ್ತು ವರ್ಷಕ್ಕೂ ಮೇಲ್ಪಟ್ಟ ಅಂತರ್ಯುದ್ಧ ನಿಲ್ಲಿಸಲು ಅವರು ವರ್ಷಗಟ್ಟಲೆ ಬಂಡುಕೋರರೊಡನೆ ಮಾತುಕತೆ ನಡೆಸಿ ಒಪ್ಪಂದಕ್ಕೆ ಬಂದರು. 2016ರ ಅಕ್ಟೋಬರ್ 2ರಂದು ನಡೆದ ಜನಮತ ಗಣನೆಯಲ್ಲಿ ಆ ಒಪ್ಪಂದ ಕೂದಲೆಳೆಯ ಅಂತರದಲ್ಲಿ ಸೋತಿತು. ಐದು ದಿನಕ್ಕೆ ಪ್ರಶಸ್ತಿ ಘೋಷಣೆಯಾಯಿತು. ಕುಸಿಯುತ್ತಿದ್ದ ಕೆಲಸಕ್ಕೆ ಕೈ ಆಸರೆ ಸಿಕ್ಕಿದಂತಾಯಿತು. ನವೆಂಬರಿನಲ್ಲಿ ತಿದ್ದಿದ ಒಪ್ಪಂದಕ್ಕೆ ಸಹಿ ಬಿತ್ತು, ಮರುವರ್ಷ ಬಂಡುಕೋರರು ಆಯುಧ ಒಪ್ಪಿಸಿದರು. ಮುಂಗಡದ ಪರವಾಗಿ ಮಾತನಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಮೂರನೆಯದನ್ನು ಗಡಿಯ ಹಳ್ಳಿಗಳಲ್ಲಿರುವ ನಾವು ಗಮನವಿಟ್ಟು ಕೇಳಬೇಕು. ಆಫ್ರಿಕಾ ಖಂಡದ ಇಥಿಯೋಪಿಯ ಮತ್ತು ಎರಿಟ್ರಿಯ ದೇಶಗಳ ನಡುವೆ ಬಾದ್ಮೆ ಎಂಬ ಸಣ್ಣ ಊರಿದೆ. ಆ ಊರು ಯಾರದೆಂಬ ಜಗಳದಿಂದ 1998ರಲ್ಲಿ ಯುದ್ಧ ಹತ್ತಿಕೊಂಡಿತು. 2000ದವರೆಗೆ ಹತ್ತಾರು ಸಾವಿರ ಜನ ಸತ್ತರು. 2002ರಲ್ಲಿ ಗಡಿ ಆಯೋಗವು ಬಾದ್ಮೆ ಎರಿಟ್ರಿಯದ್ದೆಂದು ತೀರ್ಪು ಕೊಟ್ಟರೂ ಇಥಿಯೋಪಿಯ ಬಿಟ್ಟುಕೊಡಲಿಲ್ಲ. ಯುದ್ಧವೂ ಅಲ್ಲದ ಶಾಂತಿಯೂ ಅಲ್ಲದ ಸ್ಥಿತಿ ಹದಿನೆಂಟು ವರ್ಷ ನಡೆಯಿತು. ದೂರವಾಣಿ ಇಲ್ಲ, ವಿಮಾನ ಇಲ್ಲ, ಗಡಿ ದಾಟುವಂತಿಲ್ಲ. ಎರಡೂ ಬದಿಯಲ್ಲಿ ತಿಗ್ರಿನ್ಯಾ ಎಂಬ ಒಂದೇ ಭಾಷೆಯಾಡುವ ಜನ. ಈ ಕಡೆ ಅಕ್ಕ, ಆ ಕಡೆ ತಂಗಿ.

2018ರ ಏಪ್ರಿಲ್ 2ರಂದು ಅಬಿಯ್ ಅಹ್ಮದ್ ಇಥಿಯೋಪಿಯದ ಪ್ರಧಾನಿಯಾದರು. ಆಳುವ ಪಕ್ಷಗಳ ಕೂಟ ಆರಿಸಿದ ಹೊಸ ನಾಯಕ. ಜುಲೈ 9ರಂದೇ ಎರಿಟ್ರಿಯದ ರಾಜಧಾನಿ ಅಸ್ಮಾರಾಕ್ಕೆ ಹೋಗಿ ಯುದ್ಧ ಮುಗಿಯಿತೆಂಬ ಘೋಷಣೆಗೆ ಸಹಿ ಹಾಕಿದರು. ದೂರವಾಣಿ ಮತ್ತೆ ಕೂಡಿಕೊಂಡಿತು, ವಿಮಾನ ಹಾರಿತು, ಇಪ್ಪತ್ತು ವರ್ಷ ಮುಖ ಕಾಣದವರು ತಬ್ಬಿ ಅತ್ತರು. ಸೆಪ್ಟೆಂಬರ್ 11ರಂದು ಗಡಿಯ ದಾರಿಗಳು ತೆರೆದವು. ಆದರೆ ಆ ವರ್ಷದ ಕೊನೆಯಿಂದಲೇ ಒಂದೊಂದಾಗಿ ಮುಚ್ಚತೊಡಗಿ, 2019ರ ಏಪ್ರಿಲ್ ಹೊತ್ತಿಗೆ ಎಲ್ಲವೂ ಮತ್ತೆ ಮುಚ್ಚಿದ್ದವು. ಪ್ರಶಸ್ತಿ ಘೋಷಣೆಯಾದದ್ದು 2019ರ ಅಕ್ಟೋಬರ್ 11ರಂದು. ಇದು ಅವಸರವಾಯಿತೆಂದು ಕೆಲವರು ಹೇಳಬಹುದು, ಆದರೆ ಪ್ರೋತ್ಸಾಹ ಬೇಕಾದದ್ದು ಈಗಲೇ ಎಂದು ಸಮಿತಿ ತಾನಾಗಿಯೇ ಹೇಳಿತು.

ಒಂದು ವರ್ಷ ಕಳೆಯಿತು. 2020ರ ನವೆಂಬರಿನಲ್ಲಿ ಇಥಿಯೋಪಿಯದ ಒಳಗೇ, ಎರಿಟ್ರಿಯದ ಗಡಿಗೆ ಹೊಂದಿಕೊಂಡ ತಿಗ್ರಾಯ್ ಸೀಮೆಯಲ್ಲಿ, ಅಬಿಯ್ ಸರ್ಕಾರದ ಸೈನ್ಯಕ್ಕೂ ಅಲ್ಲಿನ ಆಡಳಿತದ ಪಡೆಗಳಿಗೂ ಯುದ್ಧ ಆರಂಭವಾಯಿತು. ಜನರಿಗೆ ಮುಚ್ಚಿದ್ದ ಗಡಿಯನ್ನು ಎರಿಟ್ರಿಯದ ಸೈನ್ಯ ದಾಟಿ ಬಂತು, ಅಬಿಯ್ ಅವರ ಪರವಾಗಿ. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದ ಆಗುವ ಹೊತ್ತಿಗೆ ಲಕ್ಷಗಟ್ಟಲೆ ಜನ ಯುದ್ಧ, ಹಸಿವು, ರೋಗಗಳಿಂದ ಸತ್ತಿದ್ದರೆಂಬ ಅಂದಾಜುಗಳಿವೆ. ಆ ವರ್ಷದ ಜನವರಿಯಲ್ಲಿ ನೊಬೆಲ್ ಸಮಿತಿ, ಯುದ್ಧ ನಿಲ್ಲಿಸುವ ವಿಶೇಷ ಹೊಣೆ ಪ್ರಧಾನಿಯೂ ಪ್ರಶಸ್ತಿ ಪುರಸ್ಕೃತರೂ ಆದ ಅಬಿಯ್ ಅವರ ಮೇಲಿದೆ ಎಂದು ಹೇಳಿಕೆ ಕೊಟ್ಟಿತು. ಅದಕ್ಕಿಂತ ಹೆಚ್ಚೇನೂ ಅದರ ಕೈಯಲ್ಲಿರಲಿಲ್ಲ. ಕೊಟ್ಟ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲು ನಿಯಮಗಳಲ್ಲಿ ದಾರಿಯೇ ಇಲ್ಲ.

ಸಂಚಕಾರ ಎಂಬ ನಮ್ಮ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಜೀವಕ್ಕೆ ಸಂಚಕಾರ ಎನ್ನುತ್ತೇವೆ. ಯುದ್ಧಕ್ಕೆ ಪ್ರಶಸ್ತಿಯೇ ಕಾರಣವೆಂದು ನಾನು ಹೇಳುವುದಿಲ್ಲ, ಅದರ ಬೇರುಗಳು ಆ ದೇಶದ ರಾಜಕೀಯದಲ್ಲಿವೆ. ಆದರೆ ಮುಚ್ಚಿದ ಗಡಿಯ ಮೇಲೆ ಚಿನ್ನದ ಪದಕ ತೂಗುಹಾಕಿದಾಗ, ಒಳಗೆ ಕುದಿಯುತ್ತಿರುವುದು ಹೊರಗಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಅಪಾಯವಿರುವುದು ಅಲ್ಲಿ.

ಹಾಗಾದರೆ ಒಬಾಮಾ ಅವರ ತೀರ್ಪೇನು? ಮುಂದಿನ ವರ್ಷಗಳ ಲೆಕ್ಕ ಬೆರಕೆಯಾದದ್ದು. 2010ರಲ್ಲಿ ರಷ್ಯಾದೊಂದಿಗೆ ಅಣ್ವಸ್ತ್ರ ಕಡಿತದ ಒಪ್ಪಂದ, 2015ರಲ್ಲಿ ಇರಾನ್ ಒಪ್ಪಂದ, ಅದೇ ವರ್ಷ ಕ್ಯೂಬಾದೊಡನೆ ರಾಯಭಾರ ಸಂಬಂಧ ಜಮೆಯ ಬದಿಯಲ್ಲಿವೆ. 2011ರಲ್ಲಿ ಲಿಬಿಯದ ಮೇಲಿನ ಬಾಂಬ್ ದಾಳಿ, ಡ್ರೋನ್ ದಾಳಿಗಳು, ಅವರ ಅವಧಿ ಮುಗಿದರೂ ಮುಚ್ಚದ ಗ್ವಾಂಟನಾಮೊ ಖರ್ಚಿನ ಬದಿಯಲ್ಲಿವೆ. ಇರಾನ್ ಒಪ್ಪಂದದಿಂದ ಅಮೆರಿಕವೇ 2018ರಲ್ಲಿ ಹೊರಬಂತು. ಆದರೆ 2009ರ ಆಯ್ಕೆಯನ್ನು ಅಳೆಯಬೇಕಾದದ್ದು 2009ರ ಕೈಬರಹದಿಂದಲೇ. ಆಗ ಸಹಿಯಾದ ಕರಾರು ಇರಲಿಲ್ಲ, ನಿಂತ ಯುದ್ಧ ಇರಲಿಲ್ಲ, ಶಾಂತಿಗಾಗಿ ತನ್ನ ಕುರ್ಚಿಯನ್ನು ಪಣಕ್ಕಿಟ್ಟ ಸಂದರ್ಭವೂ ಇರಲಿಲ್ಲ. ಅಂದಿಗೆ ಅವರು ಅರ್ಹರಾಗಿರಲಿಲ್ಲವೆಂದೇ ಹೇಳಬೇಕಾಗುತ್ತದೆ. ಸಮಿತಿಯ ಕಾರ್ಯದರ್ಶಿಯಾಗಿದ್ದ ಗೇರ್ ಲುಂಡೆಸ್ಟಾಡ್ ಕೂಡ, ಆ ಪ್ರಶಸ್ತಿಯಿಂದ ಸಮಿತಿ ಬಯಸಿದ ಫಲ ದೊರೆಯಲಿಲ್ಲವೆಂದು 2015ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಹೊಸ ನಾಯಕನೆಂಬ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಬ್ರಾಂಟ್ ಕೂಡ ಹೊಸಬರೇ. ಸಹಿ ಬಿದ್ದಿದೆಯೇ, ಅದಕ್ಕಾಗಿ ನಾಯಕ ತನ್ನದೇನನ್ನಾದರೂ ಪಣಕ್ಕಿಟ್ಟಿದ್ದಾನೆಯೇ, ಗಡಿಯ ಬಾಗಿಲು ತೆರೆದೇ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ನಮ್ಮ ಊರುಗಳ ಬಳಿ 1956ರಲ್ಲಿ ಬಿದ್ದ ಗೆರೆಗಳಿಗೆ ಸೈನಿಕರ ಕಾವಲಿಲ್ಲ, ಗೆರೆ ದಾಟಿಯೇ ಹೆಣ್ಣು ಕೊಟ್ಟು ತರುತ್ತೇವೆ, ಸಂತೆ ಮಾಡುತ್ತೇವೆ. ಇದು ನಮ್ಮ ಭಾಗ್ಯ. ಆ ಭಾಗ್ಯವಿಲ್ಲದ ಗಡಿಗಳಲ್ಲಿ ಶಾಂತಿ ಬಂದಿದೆಯೇ ಎಂದು ತಿಳಿಯಬೇಕಾದವರು ಓಸ್ಲೋಗೆ ಹೋಗಬೇಕಾಗಿಲ್ಲ. ಆಚೆಯ ಊರಿನ ತಂಗಿ ಈಚೆಯ ಅಕ್ಕನ ಮನೆಗೆ ಹಬ್ಬಕ್ಕೆ ಬಂದು ಹೋದಳೇ ಎಂದು ಕೇಳಿದರೆ ಸಾಕು.