ಮಾಲಂಗಿಯಿಂದ ಪೊಲೊನ್ನರುವಕ್ಕೆ

ನಂಜನಗೂಡಿನ ನಮಗೆ ಲಂಕೆಯೆಂದರೆ ರಾವಣನ ಊರು. ನನಗೂ ಬಹುಕಾಲ ಹಾಗೆಯೇ ಇತ್ತು. ತರಗತಿಯಲ್ಲಿ ರಾಮಾಯಣದ ಭಾಗವನ್ನು ಪಾಠ ಹೇಳುವಾಗ ಕಪಿಸೇನೆಯನ್ನು ಕಡಲು ದಾಟಿಸಿ, ಸೀತೆಯನ್ನು ಕರೆತಂದು, ದ್ವೀಪವನ್ನು ಅಲ್ಲಿಯೇ ಬಿಟ್ಟುಬರುತ್ತಿದ್ದೆ. ಕೆಲವು ವರ್ಷಗಳ ಹಿಂದೆ ತಿರುಮಕೂಡಲು ನರಸೀಪುರದ ಕಡೆಯ ಹುಡುಗನೊಬ್ಬ, “ಲಂಕೆಗೂ ನಮ್ಮ ಸೀಮೆಗೂ ಏನಾದರೂ ಸಂಬಂಧ ಇದೆಯೆ ಸಾರ್?” ಎಂದು ಕೇಳಿದ. “ಏನೂ ಇಲ್ಲಪ್ಪ” ಎಂದುಬಿಟ್ಟೆ. ಮೇಷ್ಟರು ಆಡಿದ ತಪ್ಪು ಹುಡುಗರ ತಲೆಯಲ್ಲಿ ಬಹುಕಾಲ ಉಳಿಯುತ್ತದೆ. ಅದನ್ನು ತಿದ್ದಬೇಕಾದುದು ನನ್ನ ಕರ್ತವ್ಯ.

ತಲಕಾಡಿಗೆ ಎದುರಾಗಿ ಹೊಳೆಯಾಚೆ ಇರುವ ಮಾಲಂಗಿಯನ್ನು ಅಲಮೇಲಮ್ಮನ ಶಾಪದ ಕಥೆಯಿಂದಾಗಿ ಎಲ್ಲರೂ ಬಲ್ಲರು. ಆದರೆ ಅದಕ್ಕೆ ಜನನಾಥಪುರ ಎಂಬ ಇನ್ನೊಂದು ಹೆಸರಿತ್ತೆಂಬುದನ್ನು ಬಲ್ಲವರು ಕಡಿಮೆ. ರಾಜರಾಜ ಚೋಳನ ಕಾಲದಲ್ಲಿ, 1004ರ ಸುಮಾರಿಗೆ, ಗಂಗರ ರಾಜಧಾನಿ ತಲಕಾಡು ಚೋಳರ ಕೈವಶವಾಯಿತು. ಗೆದ್ದವರು ತಲಕಾಡನ್ನು ರಾಜರಾಜಪುರವೆಂದೂ ಮಾಲಂಗಿಯನ್ನು ಜನನಾಥಪುರವೆಂದೂ ಕರೆದರು. ‘ಜನನಾಥ’ ಎಂಬುದು ಆ ದೊರೆಯದೇ ಬಿರುದು. ಅವನ ಶಾಸನಗಳು ಅವನು ಗೆದ್ದ ನಾಡುಗಳನ್ನು ಹೇಳುವಾಗ ನಮ್ಮ ಗಂಗವಾಡಿಯನ್ನೂ ಈಳಮಂಡಲವನ್ನೂ ಒಂದೇ ಪಟ್ಟಿಯಲ್ಲಿ ಎಣಿಸುತ್ತವೆ. ಈಳವೆಂದರೆ ಲಂಕೆ. ಅಲ್ಲಿ ಚೋಳರು ತಮ್ಮ ಆಡಳಿತದ ನೆಲೆಯಾಗಿ ಮಾಡಿಕೊಂಡ ಪೊಲೊನ್ನರುವಕ್ಕೆ ಇಟ್ಟ ಹೆಸರು ಜನನಾಥಮಂಗಲ!

ಇದನ್ನು ಓದಿದ ಮೇಲೆ ಆ ಊರನ್ನು ನೋಡದಿರಲು ಮನಸ್ಸಾಗಲಿಲ್ಲ. ಹಿಂದಿನವರು ರೈಲಿನಲ್ಲಿ ಧನುಷ್ಕೋಟಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರಿಗೆ ದಾಟುತ್ತಿದ್ದರು. 1964ರ ಚಂಡಮಾರುತ ಧನುಷ್ಕೋಟಿಯನ್ನೇ ನುಂಗಿತು. ಆ ದಾರಿಯೂ ಅದರೊಡನೆ ಹೋಯಿತು. ನಾನು ಬೆಂಗಳೂರಿನಿಂದ ವಿಮಾನದಲ್ಲಿ ಹೋದೆ. ಒಂದೂವರೆ ಗಂಟೆಯೊಳಗೆ ಕೊಲಂಬೊ. ದ್ವೀಪದ ವಿಸ್ತಾರ ಸುಮಾರು 65,610 ಚದರ ಕಿಲೋಮೀಟರು, ಎಂದರೆ ನಮ್ಮ ರಾಜ್ಯದ ಮೂರನೆಯ ಒಂದು ಪಾಲಿನಷ್ಟು. 1505ರಲ್ಲಿ ಪೋರ್ಚುಗೀಸರು, ಅವರ ಹಿಂದೆ ಡಚ್ಚರು, ಆಮೇಲೆ ಇಂಗ್ಲಿಷರು ಬಂದರು. ಕಡೆಯ ದೇಶೀಯ ರಾಜ್ಯವಾದ ಕ್ಯಾಂಡಿ ಇಂಗ್ಲಿಷರ ವಶವಾದುದು 1815ರಲ್ಲಿ. 1948ರಲ್ಲಿ ಸ್ವಾತಂತ್ರ್ಯ ಬಂತು. 1972ರಲ್ಲಿ ಸಿಲೋನ್ ಹೆಸರು ಹೋಗಿ ಶ್ರೀಲಂಕಾ ಎಂದಾಯಿತು.

ಹೋಗುವವರು ಒಂದು ಮಾತನ್ನು ನೆನಪಿಡಬೇಕು. ಅಲ್ಲಿ ಮಳೆಗಾಲ ಎರಡು. ಕೊಲಂಬೊ ಕಡೆಗೆ ಮುಂಗಾರು ಮೇ ತಿಂಗಳಿನಿಂದ ಹಿಡಿಯುತ್ತದೆ. ಪೊಲೊನ್ನರುವದ ಕಡೆಗೆ ಡಿಸೆಂಬರಿನ ಆಸುಪಾಸಿನಲ್ಲಿ ಹಿಂಗಾರು. ಒಂದು ಕಡೆ ಕೊಡೆ ಬಿಚ್ಚಿದಾಗ ಇನ್ನೊಂದು ಕಡೆ ಬಿಸಿಲು. ಪೊಲೊನ್ನರುವ ಒಣಸೀಮೆ, ಕೆರೆಯಿಂದಲೇ ಬದುಕಿದ ಊರು. ಪರಾಕ್ರಮ ಸಮುದ್ರವೆಂಬ ಅಲ್ಲಿಯ ಮಹಾತಟಾಕದ ಏರಿಯ ಮೇಲೆ ನಿಂತಾಗ ನಮ್ಮ ಕಡೆಯವರಿಗೆ ಪರಸ್ಥಳವೆನಿಸದು.

ಬೌದ್ಧವಿಹಾರಗಳ ನಡುವೆ ಒಂದು ಪುಟ್ಟ ಕಲ್ಲಿನ ಶಿವಾಲಯವಿದೆ. ರಾಜರಾಜನ ರಾಣಿಯ ಹೆಸರಿನಿಂದ ಅದು ವಾನವನ್ ಮಾದೇವಿ ಈಶ್ವರ. ಅದರ ಮುಂದೆ ನಿಂತಾಗ ತಲಕಾಡಿನ ಮರಳು ನೆನಪಾಯಿತು.

ನಮ್ಮವರು ಲಂಕೆಗೆ ಹೋಗಿರಲಿಲ್ಲವೆ? ಹೋಗಿದ್ದರು, ಆದರೆ ಹೆಮ್ಮೆಪಡುವಂತೆ ಅಲ್ಲ. ಪಾಲಿ ಭಾಷೆಯ ಚೂಳವಂಸದಲ್ಲಿ ಐದನೆಯ ಮಹಿಂದನ ಕಥೆಯಿದೆ. ಕಂದಾಯ ಬಾರದೆ, ಸಂಬಳ ಕೊಡಲಾರದೆ ಹೋದ ದೊರೆಯ ಮೇಲೆ ಕೂಲಿಸೈನಿಕರು ತಿರುಗಿಬಿದ್ದರು. ಅವನು ಓಡಿಹೋದ ಮೇಲೆ ಮನಬಂದಂತೆ ಆಡಳಿತ ನಡೆಸಿದವರಲ್ಲಿ ಕೇರಳರು, ಸಿಂಹಳರೊಡನೆ ಕನ್ನಡಿಗರ ಹೆಸರೂ ಇದೆ. ಕುದುರೆ ವ್ಯಾಪಾರಿಯೊಬ್ಬ ಈ ಸುದ್ದಿಯನ್ನು ಚೋಳನ ಕಿವಿಗೆ ಹಾಕಿದನಂತೆ. 1017ರಲ್ಲಿ ಮಹಿಂದ ಸೆರೆಯಾಗಿ ಚೋಳದೇಶಕ್ಕೆ ಹೋದ. 12 ವರ್ಷ ಕಳೆದು ಅಲ್ಲಿಯೇ ಸತ್ತ. ತಲಕಾಡು ಬಿದ್ದುದಕ್ಕೆ ಮರುಗುವ ನಾವು, ಲಂಕೆಯ ಮನೆ ಮುರಿದವರಲ್ಲಿ ನಮ್ಮವರೂ ಇದ್ದರೆಂಬುದನ್ನು ಮರೆಯಬಾರದು.

1070ರಲ್ಲಿ ವಿಜಯಬಾಹು ಪೊಲೊನ್ನರುವವನ್ನು ಮರಳಿ ಪಡೆದ. ಸುಮಾರು 46 ವರ್ಷಗಳ ತರುವಾಯ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಗೆದ್ದುಕೊಟ್ಟ. ದೊರೆ ‘ತಲಕಾಡುಗೊಂಡ’ನಾದ, ಕೀರ್ತಿನಾರಾಯಣನ ಗುಡಿ ಎದ್ದಿತು. ವಿಜಯಬಾಹು ಚಾಲುಕ್ಯರೊಡನೆ ಸ್ನೇಹ ಬೆಳೆಸಿ ಕರ್ನಾಟಕಕ್ಕೆ ದೂತರನ್ನು ಕಳುಹಿಸಿದಾಗ ಚೋಳರು ದಾರಿಯಲ್ಲಿ ಅವರ ಕಿವಿ ಮೂಗು ಕೊಯ್ದರೆಂದೂ ಚೂಳವಂಸ ಹೇಳುತ್ತದೆ. ನಮ್ಮ ಕಡೆಗೆ ಹೊರಟವರು ತೆತ್ತ ಬೆಲೆ ಅದು.

ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಇನ್ನೊಂದು ಐತಿಹ್ಯವುಂಟು. ರಾಜರಾಜನಿಗೂ ಗಂಗರ ರಾಚಮಲ್ಲನಿಗೂ ಯುದ್ಧವಾಗುವುದನ್ನು ಶಿವರಾತ್ರೀಶ್ವರ ಶಿವಯೋಗಿಗಳು ನಡುವೆ ನಿಂತು ತಪ್ಪಿಸಿದರೆಂದು ಅಲ್ಲಿಯವರು ಹೇಳುತ್ತಾರೆ. ಶಾಸನ ಗೆಲವನ್ನು ನೆನೆಯುತ್ತದೆ. ಜನ ಸಂಧಾನವನ್ನು ನೆನೆಯುತ್ತಾರೆ.

ಜನನಾಥಪುರ ಮತ್ತೆ ಮಾಲಂಗಿಯಾಗಿದೆ; ಜನನಾಥಮಂಗಲ ಮತ್ತೆ ಪೊಲೊನ್ನರುವವಾಗಿದೆ. ಪ್ರಶ್ನೆ ಕೇಳಿದ ಹುಡುಗ ಕಾಲೇಜು ಮುಗಿಸಿ ಎಲ್ಲಿಗೋ ಹೋದ. ಈ ಪತ್ರಿಕೆ ಅವನ ಕೈಗೆ ಬಿದ್ದರೆ, ಅವನ ಮೇಷ್ಟರ ಉತ್ತರ ಹೀಗಿದೆ: ಸಂಬಂಧ ಇದೆಯಪ್ಪ, ನಿಮ್ಮೂರ ಹೊಳೆ ದಾಟಿದರೆ ಸಾಕು, ಅಲ್ಲಿಂದಲೇ ತೊಡಗುತ್ತದೆ.