‘ಸರಿಯಾದ ಆಯಿಲ್’ ಬದಲಾಗುತ್ತ ಬಂದ ಬಗೆ

ಕಾರಿನ ಎಂಜಿನ್ನಿಗೆ ಯಾವ ಆಯಿಲ್ ಒಳ್ಳೆಯದೆಂದು ಕೇಳಿದರೆ ನಮ್ಮ ಅನೇಕ ಗ್ಯಾರೇಜುಗಳಲ್ಲಿ ಇಂದಿಗೂ ಸಿಗುವ ಉತ್ತರ ಒಂದೇ: ‘ಸ್ವಲ್ಪ ದಪ್ಪ ಇರೋದು ಹಾಕಿ, ಎಂಜಿನ್ ಬಾಳಿಕೆ ಬರುತ್ತೆ.’ ಅಂಬಾಸಿಡರ್, ಪದ್ಮಿನಿ ಓಡುತ್ತಿದ್ದ ಕಾಲಕ್ಕೆ ಈ ಮಾತಿನಲ್ಲಿ ಹುರುಳಿತ್ತು. ಆ ಎಂಜಿನ್ನುಗಳಲ್ಲಿ ಬೇರಿಂಗಿನ ಸಂದು ಹೆಚ್ಚು, ನಮ್ಮ ಬಿಸಿಲೂ ಹೆಚ್ಚು. 20ಡಬ್ಲ್ಯೂ-40, 20ಡಬ್ಲ್ಯೂ-50 ಆಯಿಲ್‌ಗಳು ಅಲ್ಲಿ ಚೆನ್ನಾಗಿ ಸಲ್ಲುತ್ತಿದ್ದವು. ಎಂಜಿನ್ನುಗಳು ಬದಲಾದವು, ಆ ಮಾತು ಮಾತ್ರ ಉಳಿದುಕೊಂಡಿತು. ಆಯಿಲ್ ಡಬ್ಬಿಯ ಮೇಲಿನ ಒಂದೊಂದು ಅಕ್ಷರ, ಅಂಕಿಯ ಹಿಂದೆಯೂ ಯಾವುದೋ ಕಾಲದ ಎಂಜಿನ್ ಪಟ್ಟ ಪಾಡು ಇದೆ. ಅದನ್ನು ತಿಳಿದರೆ ದಪ್ಪ-ತೆಳುವಿನ ಜಗಳ ಅರ್ಧ ಮುಗಿದಂತೆ.

ಕಚ್ಚಾತೈಲ ಬಳಕೆಗೆ ಬರುವ ಮೊದಲು ಯಂತ್ರಗಳಿಗೆ ಪ್ರಾಣಿಗಳ ಕೊಬ್ಬು, ಬೀಜದ ಎಣ್ಣೆಗಳೇ ಗತಿಯಾಗಿದ್ದವು. ಉಗಿಯಂತ್ರದ ಕಾವಿಗೆ ಕೊಬ್ಬು ಕೆಟ್ಟು ಲೋಹವನ್ನೇ ತಿನ್ನುತ್ತಿತ್ತು. 1866ರಲ್ಲಿ ಅಮೆರಿಕದ ಜಾನ್ ಎಲ್ಲಿಸ್ ಎಂಬ ವೈದ್ಯ ಕಚ್ಚಾತೈಲದಿಂದ ಕೀಲೆಣ್ಣೆ ತಯಾರಿಸುವ ಕಂಪನಿ ಕಟ್ಟಿದ. ವಾಲ್ವೊಲಿನ್ ಹುಟ್ಟಿದ್ದು ಅಲ್ಲಿಂದ. ನಮ್ಮ ಹೊಲಗಳಿಗೂ ಪರಿಚಯವಿರುವ ಹರಳೆಣ್ಣೆ ಅಷ್ಟು ಬೇಗ ಜಾಗ ಬಿಡಲಿಲ್ಲ. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಆಯಿಲ್‌ಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಎಣ್ಣೆಯಾದ್ದರಿಂದ ಮೊದಲ ಮಹಾಯುದ್ಧದ ರೋಟರಿ ಎಂಜಿನ್ನಿನ ವಿಮಾನಗಳೂ ಅದನ್ನೇ ನಂಬಿದ್ದವು. ಆದರೆ ಕಾದ ಮೇಲೆ ಅಂಟಾಗಿ ಕೂರುವುದು ಅದರ ಗುಣ. ದಿನವೂ ಓಡಬೇಕಾದ ಕಾರಿಗೆ ಅದು ಒಗ್ಗಲಿಲ್ಲ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಆಯಿಲ್‌ಗಳನ್ನು ಮೊದಲ ಬಾರಿಗೆ ವಿಂಗಡಿಸಿತು. ಆಗ ನೋಡಿದ್ದು ದಪ್ಪವನ್ನಷ್ಟೇ. ಸಮಸ್ಯೆ ಇದ್ದದ್ದೂ ಅಲ್ಲಿಯೇ: ಆಯಿಲ್ ಕಾದರೆ ತೆಳುವಾಗುತ್ತದೆ, ತಣ್ಣಗಾದರೆ ಮಂದವಾಗುತ್ತದೆ. ಬೇಸಗೆಗೊಂದು, ಚಳಿಗೊಂದು ಆಯಿಲ್ ಹಾಕಿಸುವುದು ಶೀತದೇಶಗಳಲ್ಲಿ ವಾಡಿಕೆಯಾಗಿತ್ತು. ಕಾವಿಗೆ ತಕ್ಕಂತೆ ದಪ್ಪ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಸೂಚ್ಯಂಕವನ್ನು ಡೀನ್ ಮತ್ತು ಡೇವಿಸ್ 1929ರಲ್ಲಿ ಕೊಟ್ಟರು. ಕಾದಾಗ ಹಿಗ್ಗುವ ಪಾಲಿಮರ್ ಬೆರೆಸಿದ ಮಲ್ಟಿಗ್ರೇಡ್ ಆಯಿಲ್‌ಗಳು 1950ರ ದಶಕದಲ್ಲಿ ಅಂಗಡಿಗೆ ಬಂದವು.

5ಡಬ್ಲ್ಯೂ-30 ಎಂಬುದನ್ನು ಹೀಗೆ ಓದಬೇಕು. ಡಬ್ಲ್ಯೂ ಎಂದರೆ ಚಳಿಗಾಲ. 5ಡಬ್ಲ್ಯೂ ಆಯಿಲ್ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ಸಡಿಲವಾಗಿರಬೇಕು. 30 ಎಂಬುದು 100 ಡಿಗ್ರಿಯಲ್ಲಿ ಅಳೆದ ದಪ್ಪದ ದರ್ಜೆ. ‘ಕಲಬುರಗಿಯಲ್ಲಿ ಮೈನಸ್ ಎಲ್ಲಿದೆ, ಮೊದಲ ಅಂಕಿ ನಮಗ್ಯಾಕೆ’ ಎನ್ನುವವರಿದ್ದಾರೆ. ಮೈನಸ್ ಬೇಡ, ಬೆಂಗಳೂರಿನ ಬೆಳಗಿನ 15 ಡಿಗ್ರಿಯಲ್ಲೂ ಆಯಿಲ್ ಅದು ಕೆಲಸ ಮಾಡುವ ಕಾವಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಮಂದ. ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಆದ ಆ ಮೊದಲ ಕೆಲವು ಸೆಕೆಂಡುಗಳಲ್ಲಿ ಆಯಿಲ್ ಮೇಲಿನ ಕ್ಯಾಮ್‌ವರೆಗೆ ಬೇಗ ಏರಬೇಕು. ಸವೆತ ಹೆಚ್ಚಾಗುವುದೇ ಆಗ.

ದಪ್ಪದ ಲೆಕ್ಕ ಸಾಲದೆಂದು ತೋರಿಸಿಕೊಟ್ಟದ್ದು ಡೀಸೆಲ್. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರುಗಳ ಪಿಸ್ಟನ್ ರಿಂಗುಗಳು ಮಸಿಗಟ್ಟಿ ಅಂಟಿಕೊಳ್ಳತೊಡಗಿದವು. ಮಸಿಯನ್ನು ತೊಳೆಯುವ ಡಿಟರ್ಜೆಂಟನ್ನು ಆಯಿಲ್‌ಗೇ ಬೆರೆಸುವ ಯೋಚನೆ ಬಲಗೊಂಡದ್ದು ಆಗ. ಸವೆತ ತಡೆಯುವ, ಸತು ಮತ್ತು ರಂಜಕವಿರುವ ಜಡ್‌ಡಿಡಿಪಿ 1940ರ ದಶಕದಲ್ಲಿ ಬಂತು. ಇಂದಿಗೂ ಅದಿಲ್ಲದ ಕಾರಿನ ಆಯಿಲ್ ಇಲ್ಲವೆನ್ನಬಹುದು. ಡಬ್ಬಿಯೊಳಗೆ ಇಷ್ಟೆಲ್ಲ ಸೇರಿದ ಮೇಲೆ ದಪ್ಪ ಒಂದೇ ಆದರೂ ಗುಣ ಬೇರೆಯಾಗುವ ಸಾಧ್ಯತೆ ಬಂತು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 1947ರಲ್ಲಿ ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂಬ ಮೂರು ಮೋಟು ವರ್ಗ ಮಾಡಿತ್ತು. 1970ರ ಹೊತ್ತಿಗೆ ಇಂದಿನ ಕ್ರಮ ನೆಲೆಗೊಂಡಿತು: ಪೆಟ್ರೋಲ್ ಎಂಜಿನ್ನಿಗೆ ಎಸ್, ಡೀಸೆಲ್ಲಿಗೆ ಸಿ, ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಪರೀಕ್ಷೆ ಕಠಿಣ.

ಗ್ರಾಹಕ ಕಲಿಯಲೇಬೇಕಾದ ಪಾಠ ಇಲ್ಲಿದೆ. ಎಸ್‌ಎಫ್ ದರ್ಜೆಯ ಆಯಿಲ್ 1988ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ತಕ್ಕದ್ದಲ್ಲ ಎಂದು ಎಪಿಐಯೇ ಹೇಳುತ್ತದೆ. 20ಡಬ್ಲ್ಯೂ-40 ಎಂದು ದೊಡ್ಡದಾಗಿ, ಎಸ್‌ಎಫ್ ಎಂದು ಚಿಕ್ಕದಾಗಿ ಬರೆದ ಅಗ್ಗದ ಡಬ್ಬಿಯನ್ನು ಇಂದಿನ ಕಾರಿಗೆ ತೆರೆಯುವುದು ತಿಳಿದೂ ಮಾಡುವ ಅನ್ಯಾಯ. ಬೈಕಿನದು ಬೇರೆಯೇ ಕತೆ: ಅಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಬೈಕ್ ಆಯಿಲಿನ ದರ್ಜೆಯಾದ ಜಾಸೋ ಎಂಎ ಗುರುತೇ ಬೇಕು.

ಸಿಂಥೆಟಿಕ್ ಆಯಿಲ್ 1970ರ ದಶಕದಲ್ಲಿ ಸಾಮಾನ್ಯ ಕಾರುಗಳಿಗೆ ಬಂತು, ಮೊಬಿಲ್ 1 ಅದರಲ್ಲಿ ಹೆಸರು ಮಾಡಿತು. ಕಾವು ತಡೆಯುವುದರಲ್ಲಿ ಅದು ಮೇಲು. ಆದರೆ ದುಬಾರಿ ಸಿಂಥೆಟಿಕ್ ಆದ ಮಾತ್ರಕ್ಕೆ ನಿಮ್ಮ ಕಾರಿಗೆ ಹೊಂದುತ್ತದೆ ಎಂದಲ್ಲ.

ಏಕೆಂದರೆ ಮುಂದಿನ ಒತ್ತಡ ಬಂದದ್ದು ಸೈಲೆನ್ಸರ್ ಕಡೆಯಿಂದ. ಎಂಜಿನ್ ಕಾಯುವ ರಂಜಕವೇ ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಮಂಕಾಗಿಸುತ್ತದೆ. ಹಾಗಾಗಿ ಅದಕ್ಕೆ ಮಿತಿ ಬಂತು. ಡೀಸೆಲ್ ಕಾರುಗಳ ಮಸಿ ಹಿಡಿಯುವ ಡಿಪಿಎಫ್ ಜರಡಿಗೆ ಇನ್ನೊಂದು ಶತ್ರು, ಬೂದಿ. ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳಬಲ್ಲದು. ಆಯಿಲಿನ ಲೋಹಾಂಶ ಸುಟ್ಟು ಉಳಿದ ಬೂದಿಯನ್ನು ಸುಡಲಾಗದು, ಅದು ಅಲ್ಲೇ ತುಂಬುತ್ತ ಹೋಗುತ್ತದೆ. ಯುರೋಪಿನ ಕಾರು ತಯಾರಕರ ಸಂಘ ಎಸಿಇಎ 2004ರಲ್ಲಿ ಕಡಿಮೆ ಬೂದಿಯ ಸಿ ವರ್ಗವನ್ನು ತಂದದ್ದು ಇದಕ್ಕೇ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಯಾಗಿ ಡಿಪಿಎಫ್ ಮನೆಮನೆಯ ಡೀಸೆಲ್ ಕಾರಿಗೂ ಬಂತು. ಅಂಥ ಕಾರಿಗೆ ಎಪಿಐಯ ಸಿಐ-4 ದರ್ಜೆಯ ಹಳೆಯ ಲಾರಿ ಆಯಿಲ್ ಹಾಕಿದರೆ ಎಂಜಿನ್ ಸದ್ಯಕ್ಕೆ ಸುಮ್ಮನಿರುತ್ತದೆ, ಜರಡಿ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಎಂಜಿನ್ನುಗಳೂ ಇದೇ ಹೊತ್ತಿಗೆ ಚಿಕ್ಕದಾಗಿ, ಟರ್ಬೋ ಹೊತ್ತು, ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸತೊಡಗಿದವು. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಯುವಾಗ ಕಿಡಿ ಹತ್ತುವ ಮೊದಲೇ ಮಿಶ್ರಣ ಸ್ಫೋಟಿಸಿ ಪಿಸ್ಟನ್ ಒಡೆಯುವ ಹೊಸ ಕಾಟ ಶುರುವಾಯಿತು. ಹುಡುಕಿದಾಗ ಸಿಕ್ಕ ಕಾರಣಗಳಲ್ಲೊಂದು ಆಯಿಲಿನ ಕ್ಯಾಲ್ಸಿಯಂ ಡಿಟರ್ಜೆಂಟ್. ದಶಕಗಳ ಕಾಲ ಎಂಜಿನ್ ತೊಳೆದ ವಸ್ತುವೇ ಇಲ್ಲಿ ಆಪಾದಿತ. ಕ್ಯಾಲ್ಸಿಯಂ ತಗ್ಗಿಸಿ ಮೆಗ್ನೀಸಿಯಂ ಸೇರಿಸುವ ದಾರಿ ಹಿಡಿದರು. 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳ ಹಿಂದಿರುವುದು ಇದೇ.

ಮೈಲೇಜಿಗಾಗಿ ಆಯಿಲ್ ತೆಳುವಾಗುತ್ತಲೂ ಬಂತು. 2013ರಲ್ಲಿ ಎಸ್‌ಎಇ 16 ಎಂಬ ಹೊಸ ದರ್ಜೆ, ಎರಡು ವರ್ಷಕ್ಕೆ 12 ಮತ್ತು 8 ಸೇರಿದವು. ಇವು ಎಲ್ಲ ಎಂಜಿನ್ನಿಗಲ್ಲ. 0ಡಬ್ಲ್ಯೂ-16 ತಪ್ಪಿಯೂ ಬೇರೆ ಕಾರಿಗೆ ಬೀಳಬಾರದೆಂದು ಅದಕ್ಕೆ 2020ರಲ್ಲಿ ಗುರಾಣಿಯಾಕಾರದ ಬೇರೆ ಮುದ್ರೆಯನ್ನೇ ಕೊಟ್ಟರು. ಇದರ ತಿರುವುಮುರುವೂ ಅಷ್ಟೇ ನಿಜ. ತೆಳು ಆಯಿಲ್‌ಗೆಂದೇ ಕಟ್ಟಿದ ಎಂಜಿನ್ನಿನಲ್ಲಿ ವಾಲ್ವ್‌ಗಳ ಸಮಯ ಬದಲಿಸುವುದು, ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದು, ಎರಡೂ ಆಯಿಲ್ ಒತ್ತಡದ ಕೆಲಸ. ಕಿರಿದಾದ ಆ ದಾರಿಗಳಲ್ಲಿ 20ಡಬ್ಲ್ಯೂ-50 ತಡವರಿಸುತ್ತದೆ. ಪಿಕಪ್ ಕುಂದುತ್ತದೆ, ಮೈಲೇಜ್ ಇಳಿಯುತ್ತದೆ, ಬೆಳಗ್ಗೆ ಚೈನ್ ಸದ್ದು ಕೇಳಿಸುತ್ತದೆ.

ಎಪಿಐ 2025ರಲ್ಲಿ ಎಸ್‌ಕ್ಯೂ ದರ್ಜೆಯನ್ನೂ ತಂದಿದೆ. ಗ್ರಾಹಕ ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಕಾರಿನ ಮ್ಯಾನ್ಯುಯಲ್ಲಿನಲ್ಲಿ ದಪ್ಪದ ಅಂಕಿ, ಗುಣದ ದರ್ಜೆ ಎರಡೂ ಅಚ್ಚಾಗಿವೆ. ನನ್ನ ತಕರಾರು ಸರ್ವಿಸ್ ಬಿಲ್ಲಿನದು. ‘ಎಂಜಿನ್ ಆಯಿಲ್, ಮೂರೂವರೆ ಲೀಟರ್’ ಎಂದಷ್ಟೇ ಬರೆದು ಹಣ ಪಡೆಯುವುದು ಸಲ್ಲದು. ಬ್ರ್ಯಾಂಡ್, 5ಡಬ್ಲ್ಯೂ-30ರಂಥ ಅಂಕಿ, ಎಪಿಐ ಎಸ್‌ಪಿ ಅಥವಾ ಎಸಿಇಎ ಸಿ3ಯಂಥ ದರ್ಜೆ ಮೂರೂ ಬಿಲ್ಲಿನಲ್ಲಿರಬೇಕು, ಸೀಲ್ ಒಡೆಯುವುದು ಗ್ರಾಹಕನ ಕಣ್ಣೆದುರೇ ಆಗಬೇಕು. ಬ್ಯಾರೆಲ್ಲಿನಿಂದ ತೆಗೆದು ಹಾಕುವಲ್ಲಿ ಬ್ಯಾರೆಲ್ಲಿನ ಮೇಲಿನ ದರ್ಜೆಯನ್ನು ಕೇಳಿ ಓದಿಕೊಳ್ಳಿ. ಚೇಂಬರಿಗೆ ಆಯಿಲ್ ಬಿದ್ದ ಮೇಲೆ ಡಿಪ್‌ಸ್ಟಿಕ್ ನೋಡಿ ಅದು ಎಷ್ಟಿದೆ ಎಂದು ಹೇಳಬಹುದು. ಯಾವುದೆಂದು ಹೇಳಲು ಆಗುವುದಿಲ್ಲ.